ಅಪ್‌ಡೇಟ್: 144 ಹರ್ಟ್ಸ್ ಮಾನಿಟರಿನ ತೊಡಕು ಬಗೆಹರಿಯಿತು
144 ಹರ್ಟ್ಸ್‌ನ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ) ಮಾನಿಟರ್ ಇದ್ದರೂ ಆಟದ ದೃಶ್ಯ ತಡವರಿಸುತ್ತದೆ, ಕಪ್ಪು ಬಣ್ಣ ಬೂದಿಯಂತೆ ಕಾಣುತ್ತದೆ ಎಂದು ನಾನು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಎರಡೂ ತೊಂದರೆಗಳು ಈಗ ನೀಗಿವೆ.

ಮೊದಲನೆಯದಕ್ಕೆ ಕಾರಣ ಗ್ರಾಫಿಕ್ಸ್ ಕಾರ್ಡ್ ಆಗಿರಲೇ ಇಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 60 ಹರ್ಟ್ಸ್‌ನಲ್ಲೇ ಉಳಿದಿದ್ದರಿಂದ, ಕಾರ್ಡ್ ಎಷ್ಟೇ ಫ್ರೇಮ್‌ಗಳನ್ನು ರಚಿಸಿದರೂ ಪರದೆ ಸುಮಾರು 16.7 ಮಿಲಿಸೆಕೆಂಡಿಗೆ ಒಮ್ಮೆ ಮಾತ್ರ ಚಿತ್ರವನ್ನು ಬದಲಿಸುತ್ತಿತ್ತು; 144ಕ್ಕೆ ಏರಿಸಿದ ಮೇಲೆ ಆ ಅಂತರ ಸುಮಾರು 6.9 ಮಿಲಿಸೆಕೆಂಡಿಗೆ ಇಳಿದು, ಮೌಸ್‌ನ ಚಲನೆಯಲ್ಲಿಯೇ ವ್ಯತ್ಯಾಸ ಸ್ಪಷ್ಟವಾಗಿ ಅನುಭವಕ್ಕೆ ಬಂತು. ಆದರೂ ಅಲ್ಲಲ್ಲಿ ಎಡವುವಿಕೆ ಉಳಿದಿತ್ತು. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಬಯೋಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದು ನೋಡಿದಾಗ, 3200ರ ವೇಗದ ಡಿಡಿಆರ್4 ರ‍್ಯಾಮ್ 2133ರಲ್ಲಿ ಓಡುತ್ತಿರುವುದು ತಿಳಿಯಿತು. ಎಕ್ಸ್‌ಎಂಪಿ ಪ್ರೊಫೈಲನ್ನು (ರ‍್ಯಾಮನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಸಿದ್ಧ ಸೆಟ್ಟಿಂಗ್) ಸಕ್ರಿಯಗೊಳಿಸಿ, ಅಕ್ಕಪಕ್ಕದ ಸ್ಲಾಟ್‌ಗಳಲ್ಲಿದ್ದ ಎರಡು ರ‍್ಯಾಮ್‌ಗಳನ್ನು ಮದರ್‌ಬೋರ್ಡಿನ ಕೈಪಿಡಿ ಹೇಳುವಂತೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಬದಲಾಯಿಸಿದ್ದರಿಂದ ಡ್ಯುಯಲ್ ಚಾನೆಲ್ (ಎರಡು ಮಾರ್ಗಗಳಲ್ಲಿ ಒಟ್ಟಿಗೆ ದತ್ತಾಂಶ ಸಾಗಿಸುವ ವ್ಯವಸ್ಥೆ) ದೊರೆಯಿತು, ಎಡವುವಿಕೆಯೂ ನಿಂತಿತು. ಇಷ್ಟು ದಿನ ಇದನ್ನು ಪರೀಕ್ಷಿಸದೆ ಹೊಸ ಕಾರ್ಡ್ ಕೊಳ್ಳಲು ಹೊರಟಿದ್ದೆನೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕಪ್ಪು ಬಣ್ಣದ ವಿಷಯ ಇನ್ನೂ ಸರಳವಾಗಿತ್ತು: ಎಚ್‌ಡಿಎಂಐ ಕೇಬಲ್ ಮೂಲಕ ಕಾರ್ಡ್ 16ರಿಂದ (ಕಪ್ಪು) 235ರವರೆಗಿನ (ಬಿಳಿ) ಸೀಮಿತ ವ್ಯಾಪ್ತಿಯ ಬಣ್ಣವನ್ನು ಕಳುಹಿಸುತ್ತಿದ್ದರೆ, ಮಾನಿಟರ್ 0ಯಿಂದ 255ರವರೆಗಿನ ಪೂರ್ಣ ವ್ಯಾಪ್ತಿಯನ್ನು ನಿರೀಕ್ಷಿಸುತ್ತಿತ್ತು; ಹಾಗಾಗಿ 16ರ ಕಪ್ಪು ಅದರಲ್ಲಿ ಬೂದಿಯಂತೆ ಕಾಣುತ್ತಿತ್ತು. ಕಾರ್ಡಿನ ಡ್ರೈವರ್ ತಂತ್ರಾಂಶದಲ್ಲಿ ಪೂರ್ಣ ವ್ಯಾಪ್ತಿಯನ್ನು ಆರಿಸಿದ ಕೂಡಲೇ ಕತ್ತಲೆಯ ದೃಶ್ಯಗಳಿಗೆ ಆಳ ಮರಳಿತು.

ಈಗ ವೇರಿಯಬಲ್ ರಿಫ್ರೆಶ್ ರೇಟ್ ಸೌಲಭ್ಯವನ್ನು (ಕಾರ್ಡ್ ಫ್ರೇಮ್ ಕೊಡುವ ವೇಗಕ್ಕೆ ಪರದೆಯ ವೇಗವನ್ನು ಹೊಂದಿಸುವುದು) ಬಳಸುತ್ತಾ, ಫ್ರೇಮ್ ಮಿತಿಯನ್ನು ಸೆಕೆಂಡಿಗೆ 140ಕ್ಕೆ ಇರಿಸಿದ್ದೇನೆ.