ಕೈಗೆ ಹಸಿ ಹತ್ತತದ, ಜೋಳ ಯಾಕ ಬಾಡತದ?

ಪ್ರಶ್ನೆ (ಬಸವನ ಬಾಗೇವಾಡಿ): ಮೇಡಂ ನಮಸ್ಕಾರ್ರೀ. ನಮ್ಮದು ಎರಿ ಹೊಲ. ಅಕ್ಟೋಬರ್ ಮೊದಲ ವಾರದಾಗ ಮಾಲದಂಡಿ ಜೋಳ ಬಿತ್ತೀವಿ. ಬಿತ್ತಿದ ಮ್ಯಾಲ ಒಂದ ಹನಿ ಮಳಿ ಇಲ್ಲ. ಈಗ 45 ದಿನದ ಬೆಳಿ, ಮಧ್ಯಾಹ್ನ ಎಲಿ ಸುರುಳಿ ಸುತ್ತಕೋತಾವ. ಆದ್ರ ಒಂದು ಗೇಣು ಕೆದರಿ ಮಣ್ಣು ಹಿಡಿದ್ರ ಕೈಗೆ ಹಸಿ ಹತ್ತತದ. ನಮ್ಮ ಮಾವನವರ ಮಸಾರಿ ಹೊಲದಾಗ ಇಷ್ಟು ಹಸಿ ಇದ್ರ ಸಜ್ಜಿ ಹಸರಾಗಿ ನಿಂತಿರತದ. ಹಸಿ ಇದ್ರೂ ನಮ್ಮ ಜೋಳದ ಬೇರು ಯಾಕ ನೀರು ತಗೋವಲ್ದು? ಬೇರಿಗೆ ಏನರ ರೋಗ ಬಂದದೇನ್ರಿ?

ಉತ್ತರ: ನಮಸ್ಕಾರ ರೀ. ರೋಗ ಅಲ್ಲ, ಗಾಬರಿ ಬೇಡ. ಕೈಗೆ ಹತ್ತುವ ಹಸಿ ಬೇರೆ, ಬೇರಿಗೆ ಸಿಗುವ ಹಸಿ ಬೇರೆ.

ಮಣ್ಣಿನ ಪ್ರತಿ ಕಣಕ್ಕೂ ನೀರಿನ ತೆಳುವಾದ ಪೊರೆ ಅಂಟಿರುತ್ತದೆ. ಎರೆ ಮಣ್ಣಿನ, ಅಂದರೆ ಕಪ್ಪು ಜೇಡಿ ಮಣ್ಣಿನ ಕಣ ಬಹಳ ಸಣ್ಣದು, ಹಾಗಾಗಿ ಒಂದು ಹಿಡಿ ಮಣ್ಣಿನಲ್ಲೇ ನೀರು ಅಂಟಿಕೊಳ್ಳಲು ಬೇಕಾದಷ್ಟು ಜಾಗ. ಮಳೆಗಾಲದ ನೀರನ್ನು ಹಿಂಗಾರಿಗೆ ಕೂಡಿಟ್ಟುಕೊಡುವುದು ಈ ಗುಣವೇ. ಆದರೆ ಒಣಗುತ್ತ ಹೋದಂತೆ ಉಳಿದ ನೀರನ್ನು ಮಣ್ಣು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಒಳ್ಳೆಯ ಮಳೆಯಾಗಿ ಎರಡು ಮೂರು ದಿನ ಬಸಿದ ಮೇಲೆ ಆ ಹಿಡಿತ, ಒತ್ತಡ ಅಳೆಯುವ ‘ಬಾರ್’ ಎಂಬ ಮಾನದಲ್ಲಿ, ಒಂದು ಬಾರ್‌ನ ಸುಮಾರು ಮೂರನೇ ಒಂದು ಪಾಲು. ಸಾಮಾನ್ಯವಾಗಿ ಬೆಳೆ ಬಾಡಿ ಮತ್ತೆ ಏಳದ ಹಂತಕ್ಕೆ ಬರುವಾಗ ಅದು ಸುಮಾರು 15 ಬಾರ್. ಕಾರಿನ ಟಯರಿನೊಳಗಿನ ಗಾಳಿಯ ಒತ್ತಡವೇ 2 ಬಾರ್ ಆಸುಪಾಸು ಎಂದರೆ ಲೆಕ್ಕ ಹಾಕಿಕೊಳ್ಳಿ. ಆ ಹಂತದಲ್ಲೂ ಜಿಗುಟಾದ ಎರೆಯಲ್ಲಿ 100 ಕಿಲೊ ಒಣ ಮಣ್ಣಿಗೆ 20 ಕಿಲೊ ಅಥವಾ ಅದಕ್ಕೂ ಹೆಚ್ಚು ನೀರು ಉಳಿದಿರಬಹುದು. ಮರಳು ಬೆರೆತ ಮಸಾರಿಯಲ್ಲಿ ಉಳಿಯುವುದು ಐದಾರು ಕಿಲೊ. ಮಸಾರಿ ಕಡಿಮೆ ನೀರು ಹಿಡಿಯುತ್ತದೆ, ಹಿಡಿದದ್ದರಲ್ಲಿ ಬಹುಪಾಲನ್ನು ಸುಲಭವಾಗಿ ಬಿಡುತ್ತದೆ. ನಿಮ್ಮ ಕೈ ಹೇಳುವುದು ಎಷ್ಟು ನೀರಿದೆ ಎಂದು ಮಾತ್ರ. ಬೇರಿಗೆ ಮುಖ್ಯವಾದದ್ದು ಮಣ್ಣಿನ ಬಿಗಿ.

ಇನ್ನು ಬೇರು ನೀರನ್ನು ಪಂಪಿನ ಹಾಗೆ ತಳ್ಳುವುದಿಲ್ಲ. ಎಳೆಯುವುದು ಎಲೆ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋದಷ್ಟೂ ದಂಟಿನ ಕೊಳವೆಗಳಲ್ಲಿರುವ ನೀರಿನ ಎಳೆ ಮೇಲಕ್ಕೆ ಜಗ್ಗುತ್ತದೆ. ಆ ಜಗ್ಗು ಬೇರುರೋಮದ (ಬೇರಿನ ಮೈಮೇಲಿನ ಕೂದಲಿನಂಥ ಸಣ್ಣ ಎಳೆ) ತನಕ ಮುಟ್ಟಿ, ಮಣ್ಣಿನ ಹಿಡಿತಕ್ಕಿಂತ ಜೋರಾದರೆ ಮಾತ್ರ ನೀರು ಒಳಗೆ ಬರುತ್ತದೆ. ಬರದಲ್ಲಿ ಜೋಳ ತನ್ನ ಜೀವಕೋಶಗಳಲ್ಲಿ ಸಕ್ಕರೆ, ಲವಣ ಹೆಚ್ಚಿಸಿಕೊಂಡು ಈ ಸೆಳೆತ ಏರಿಸಿಕೊಳ್ಳುತ್ತದೆ. ಇನ್ನೊಂದು ತೊಂದರೆ ದಾರಿಯದ್ದು. ಮಣ್ಣು ಒಣಗಿದರೆ ಕಣದಿಂದ ಕಣಕ್ಕೆ ಇದ್ದ ನೀರಿನ ಪೊರೆ ತುಂಡಾಗುತ್ತದೆ. ಹಸಿ ಮಣ್ಣಿನಲ್ಲಿ ದೂರದಿಂದ ಹರಿದು ಬರುತ್ತಿದ್ದ ನೀರು ಆಮೇಲೆ ಬೆರಳಗಲದಿಂದಲೂ ಬರಲಾರದು. ಆಗ ಬೇರೇ ನೀರಿದ್ದಲ್ಲಿಗೆ ಬೆಳೆದು ಹೋಗಬೇಕು. ಗಿಡಗಳು ಇಷ್ಟೊಂದು ಬೇರು ಬಿಡುವುದು ಇದಕ್ಕೇ. 1937ರಲ್ಲಿ ಅಮೆರಿಕದ ಡಿಟ್ಮರ್ ಎಂಬ ಸಸ್ಯವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ (ಗೋಧಿಯಂಥ ಒಂದು ಧಾನ್ಯ) ಗಿಡದ ಬೇರು ಲೆಕ್ಕ ಹಾಕಿದಾಗ ಒಟ್ಟು ಉದ್ದ 600 ಕಿ.ಮೀ. ದಾಟಿತ್ತು. ರೋಮಗಳದ್ದೇ ಬೇರೆ, 10,000 ಕಿ.ಮೀ. ಮೇಲೆ. ಪಾಠ ಮಾಡುವಾಗ ಪ್ರತಿ ಸಲ ಈ ಸಂಖ್ಯೆ ಹೇಳುತ್ತೇನೆ, ಪ್ರತಿ ಸಲ ನನಗೇ ಮೈ ಜುಂ ಎನ್ನುತ್ತದೆ.

ಮಧ್ಯಾಹ್ನ ಎಲೆ ಸುತ್ತಿಕೊಳ್ಳುವುದು ಜೋಳ ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳುವ ರೀತಿ. ನೀವು ನೋಡಬೇಕಾದದ್ದು ಹೊತ್ತು ಹುಟ್ಟುವ ಮುಂಚೆ. ರಾತ್ರಿಯಿಡೀ ಆವಿ ಹೋಗುವುದು ತೀರಾ ಕಡಿಮೆ, ಗಿಡ ಮಣ್ಣಿನ ಹಸಿಗೆ ಸರಿಸಮ ಬಂದಿರುತ್ತದೆ. ಆಗ ಎಲೆ ಬಿಚ್ಚಿದ್ದರೆ ಕೆಳಗಿನ ಬೇರಿಗೆ ನೀರು ಸಿಗುತ್ತಿದೆ. ಆಗಲೂ ಸುತ್ತಿದ್ದರೆ ಚಿಂತೆಯ ಮಾತು. ಹಾಗೇ ಎರಡು ಸಾಲಿನ ನಡುವೆ ಮೂರು ಅಡಿ ಗುಂಡಿ ತೋಡಿ ಬೇರು ಎಲ್ಲಿಗೆ ಮುಟ್ಟಿದೆ ನೋಡಿ ಹೇಳಿ.

ಪ್ರಶ್ನೆ (ಬಸವನ ಬಾಗೇವಾಡಿ): ಮೇಡಂ, ಇವತ್ತ ನಸುಕಿನ್ಯಾಗ ಹೋಗಿದ್ದೆ. ಎಲಿ ಎಲ್ಲಾ ಬಿಚ್ಚಿದ್ವು! ಗುಂಡಿ ತೋಡಿದೆ. ಮ್ಯಾಲಿನ ಗೇಣು ಮಣ್ಣಿನ್ಯಾಗ ಬೇರು ಕಂದು ಬಣ್ಣಕ್ಕ ತಿರುಗಿ ದಾರದಂಗ ಆಗ್ಯಾವ. ಎರಡೂವರೆ ಅಡಿ ಕೆಳಗ ಹೆಂಟಿ ಒಡದ್ರ ಬಿಳಿ ಬೇರು ಹೆಂಟಿ ಮೈಗೆ ಚಪ್ಪಟೆ ಅಂಟಕೊಂಡು ಇಳದಾವ, ಎಳದ್ರ ಮಣ್ಣ ಬಿಡವಲ್ದು. ಆದ್ರ ಎರಡು ಬಟ್ಟು ಅಗಲ ಬಿರುಕು ಬಿಟ್ಟಾವ. ಕೃಷಿಹೊಂಡದಾಗ ಒಂದ ಸರ್ತಿ ಹಾಸೂವಷ್ಟು ನೀರದ. ಈಗ ಬಿಡ್ಲೋ, ತಡೀಲೋ? ಯೂರಿಯಾ ಒಂದು ಹಿಡಿ ಹಾಕಿದ್ರ ಚೇತರಿಸಿಕೊಳ್ತದ ಅಂತಾರ ಮಂದಿ.

ಉತ್ತರ: ಬಹಳ ಚೆನ್ನಾಗಿ ನೋಡಿದ್ದೀರಿ. ಮಣ್ಣು ಬಿಡದೆ ಅಂಟಿದ್ದು ಬೇರುರೋಮ ಮತ್ತು ಬೇರು ಸುರಿಸುವ ಲೋಳೆ. ಬರದಲ್ಲಿ ಬೇರು ಸೊರಗಿ ಮಣ್ಣಿನಿಂದ ದೂರ ಸರಿಯುವಾಗ ಅವೇ ಸೇತುವೆ. ಅಂದರೆ ನಿಮ್ಮ ಬೇರು ಕೆಲಸ ಮಾಡುತ್ತಿದೆ.

ಮೊದಲು ಬಿರುಕು ಮುಚ್ಚಿ, ನಾಳೆಯೇ ಎಡೆ ಹೊಡೆಯಿರಿ. ಕುಂಟೆ ಮೇಲುಮೇಲೆ ಹೋಗಲಿ, ಆಳ ಬೇಡ. ಬಿರುಕಿನ ಎರಡೂ ಗೋಡೆಯಿಂದ ಕೆಳಗಿನ ಹಸಿ ಆರಿಹೋಗುತ್ತದೆ, ಬಿರುಕು ಅಗಲವಾದಂತೆ ಅಡ್ಡ ಹೋದ ಬೇರೂ ಹರಿಯುತ್ತದೆ. ಉದುರು ಮಣ್ಣು ಬಿರುಕಿಗೆ ಬಿದ್ದರೆ ಹಸಿ ಆರುವುದು ಕಡಿಮೆಯಾಗುತ್ತದೆ. ಯೂರಿಯಾ ಈಗ ಖಂಡಿತ ಬೇಡ. ಮೇಲಿನ ಒಣ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದಿಲ್ಲ, ಕರಗಿದಷ್ಟು ಜಾಗದಲ್ಲಿ ನೀರಿನ ಸೆಳೆತವನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಹೊಂಡದ ನೀರನ್ನು ಜೋಳ ಹೊಡೆಗೆ ಬರುವಾಗ (ತೆನೆ ಇನ್ನೂ ಎಲೆಯ ಒಳಗೆ ಉಬ್ಬಿರುವಾಗ), ಇನ್ನೊಂದು ವಾರ ಹತ್ತು ದಿನಕ್ಕೆ, ಸಾಲು ಬಿಟ್ಟು ಸಾಲು ಹಾಯಿಸಿ. ನಡುವೆ ನಸುಕಿನಲ್ಲೂ ಎಲೆ ಸುತ್ತಿದ್ದು ಕಂಡರೆ ಕಾಯಬೇಡಿ, ಅವತ್ತೇ ಬಿಡಿ.

ಪ್ರಶ್ನೆ (ಸಿರಾ): ಮೇಡಂ, ನಮ್ಮದು ಕೆಂಪು ಮಣ್ಣು, ರಾಗಿ. ನಮ್ಮ ತಾತ ಅಕ್ಕಡಿ ಸಾಲಲ್ಲಿ, ಅಂದ್ರೆ ರಾಗಿ ನಡುವೆ ಬೇರೆ ಬೆಳೆಗೆ ಬಿಡೋ ಸಾಲಲ್ಲಿ, ತೊಗರಿ ಹಾಕೋರು. ತೊಗರಿ ಪಕ್ಕದ ರಾಗಿ ತಡವಾಗಿ ಬಾಡುತ್ತೆ ಅನ್ನೋರು. ನಿಜಾನಾ?

ಉತ್ತರ: ನಿಮ್ಮ ತಾತ ಕಂಡದ್ದಕ್ಕೆ ಕಾರಣ ಇರಬಹುದು. ತೊಗರಿಯ ತಾಯಿಬೇರು ಆಳದ ಹಸಿಗೆ ಇಳಿಯುತ್ತದೆ. ರಾತ್ರಿ ಎಲೆಯ ಜಗ್ಗು ನಿಂತಾಗ ಆಳದಿಂದ ಏರಿದ ನೀರಿನಲ್ಲಿ ಒಂದಿಷ್ಟು ಮೇಲಿನ ಬೇರುಗಳ ಮೂಲಕ ಒಣ ಮಣ್ಣಿಗೆ ಸೋರುತ್ತದೆ. ಬೇರು ಕುಡಿಯುವುದಷ್ಟೇ ಅಲ್ಲ, ಮಣ್ಣು ಹೆಚ್ಚು ಬಿಗಿಯಾಗಿದ್ದರೆ ಬಿಟ್ಟುಕೊಡುತ್ತದೆ ಕೂಡ. ರಾಗಿ ಮತ್ತು ತೊಗರಿ ಜೋಡಿಯ ಮೇಲೆ ಕುಂಡಗಳಲ್ಲಿ ನಡೆದ ಪ್ರಯೋಗಗಳಲ್ಲಿ ತೊಗರಿಯ ಆಸರೆಯಿಂದ ರಾಗಿ ಬರ ತಡೆದದ್ದು ಕಂಡಿದೆ. ಆದರೆ ತೊಗರಿ ತೀರಾ ಒತ್ತೊತ್ತಾದರೆ ಮೇಲಿನ ಹಸಿಯಲ್ಲಿ ರಾಗಿಯ ಪಾಲನ್ನೂ ಕುಡಿಯುತ್ತದೆ, ಹಾಗಾಗಿ ತಾತ ಬಿಡುತ್ತಿದ್ದಷ್ಟೇ ಅಂತರ ಬಿಡಿ. ಮುಂದಿನ ಮುಂಗಾರಿನಲ್ಲಿ ಮಳೆ ಕೈಕೊಟ್ಟ ದಿನಗಳಲ್ಲಿ, ಬೆಳಗಿನ ಜಾವ ತೊಗರಿ ಬುಡದ ಒಂದು ಹಿಡಿ ಮಣ್ಣು, ಐದಾರು ಸಾಲು ಆಚೆಯ ಒಂದು ಹಿಡಿ ಮಣ್ಣು ತೆಗೆದು ನೋಡಿ. ಎರಡೂ ಒಂದೇ ಹೊಲದ ಮಣ್ಣಾದ್ದರಿಂದ ಇಲ್ಲಿ ನಿಮ್ಮ ಕೈಯನ್ನು ನಂಬಬಹುದು. ಏನು ಕಂಡಿತು ಎಂದು ಇಲ್ಲೇ ಬರೆಯಿರಿ.