ಓಟದ ದೂರವನ್ನು ಹೆಚ್ಚಾಗಿ ತೋರಿಸುವ ಆ್ಯಪ್: ದೋಷ ಸೂತ್ರದಲ್ಲಿದೆಯೇ, ಜಿಪಿಎಸ್‌ನಲ್ಲಿದೆಯೇ?

ಕೆರೆಏರಿ ಕೇಳಿದ ಪ್ರಶ್ನೆ

ಬೆಂಗಳೂರಿನ ನಮ್ಮ ಬಡಾವಣೆಯ ಓಟಗಾರರ ಗುಂಪಿಗೆಂದು ನಾನೂ ನನ್ನ ಗೆಳೆಯನೂ ಬಿಡುವಿನ ವೇಳೆಯಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೇವೆ. ಪ್ರತಿ ಸೆಕೆಂಡಿಗೊಮ್ಮೆ ಸಿಗುವ ಅಕ್ಷಾಂಶ ರೇಖಾಂಶಗಳನ್ನು ತೆಗೆದುಕೊಂಡು, ಅಕ್ಕಪಕ್ಕದ ಎರಡು ಬಿಂದುಗಳ ನಡುವಿನ ದೂರವನ್ನು ಹ್ಯಾವರ್ಸೈನ್ ಸೂತ್ರದಿಂದ (ಗೋಲದ ಮೇಲಿನ ಎರಡು ಬಿಂದುಗಳ ನಡುವಿನ ದೂರ ಕೊಡುವ ಸೂತ್ರ) ಲೆಕ್ಕ ಹಾಕಿ ಕೂಡುತ್ತ ಹೋಗುತ್ತೇವೆ. ಕಳೆದ ವಾರ 400 ಮೀಟರಿನ ಟ್ರ್ಯಾಕಿನಲ್ಲಿ ಹತ್ತು ಸುತ್ತು ಓಡಿದಾಗ ಆ್ಯಪ್ 4.31 ಕಿ.ಮೀ. ತೋರಿಸಿತು. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ವ್ಯತ್ಯಾಸ ಇದಕ್ಕಿಂತ ಹೆಚ್ಚು; ಓಟ ಮುಗಿಸಿ ಕಾಫಿ ಕುಡಿಯುತ್ತ ನಿಂತಾಗಲೂ ದೂರ ಬೆಳೆಯುತ್ತಲೇ ಇತ್ತು. ಇದಕ್ಕೆ ವಿರುದ್ಧವಾಗಿ, ನಮ್ಮ ಗುಂಪಿನ ಇಬ್ಬರ ಫೋನುಗಳಲ್ಲಿ ಪರದೆ ಆರಿದ ಮೇಲೆ ದೂರ ಕಡಿಮೆಯಾಗಿ ದಾಖಲಾಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಒಮ್ಮೆ ಹತ್ತಿದರೆ ಎರಡು ಬಾರಿ ಹತ್ತಿದಷ್ಟು ಏರಿಕೆ ಬರುತ್ತದೆ.

ಎಲ್ಲ ದೂರಗಳನ್ನೂ 0.93ರಿಂದ ಗುಣಿಸಿಬಿಡೋಣ ಎಂಬುದು ಗೆಳೆಯನ ಸಲಹೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಆದರೆ ಬೇರೆ ದಾರಿಯೂ ತೋಚುತ್ತಿಲ್ಲ. ನಮ್ಮ ಸೂತ್ರವೇ ತಪ್ಪೇ?

ಅಳತೆಗೋಲು ಉತ್ತರಿಸಿದ್ದಾರೆ

ಸೂತ್ರ ಸರಿಯಾಗಿಯೇ ಇದೆ. ಭೂಮಿಯನ್ನು ಗೋಲವೆಂದು ಭಾವಿಸುವುದರಿಂದ ಬರುವ ದೋಷ ನೀವು ಹೇಳುತ್ತಿರುವ ಪ್ರಮಾಣದ್ದಲ್ಲ. ತೊಂದರೆ ಇರುವುದು ಕೂಡುವ ರೀತಿಯಲ್ಲಿ. ತೆರೆದ ಆಕಾಶದ ಕೆಳಗೂ ಸಾಮಾನ್ಯ ಫೋನಿನ ಜಿಪಿಎಸ್ ಬಿಂದು ನಿಜವಾದ ಸ್ಥಳದಿಂದ ನಾಲ್ಕೈದು ಮೀಟರ್ ಅತ್ತಿತ್ತ ಇರಬಹುದು, ಓಡುವವರು ಒಂದು ಸೆಕೆಂಡಿನಲ್ಲಿ ಕ್ರಮಿಸುವುದೇ ಮೂರು ಮೀಟರ್. ಅಂದರೆ ಅಳೆಯಬೇಕಾದ ವಸ್ತುವೂ ಅಳತೆಯ ದೋಷವೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಎಡಕ್ಕೆ ವಾಲಿದ ಬಿಂದು ಬಲಕ್ಕೆ ವಾಲಿದ ಬಿಂದುವಿನ ತಪ್ಪನ್ನು ಸರಿದೂಗಿಸುತ್ತದೆ ಎಂದು ನಾವು ಸಹಜವಾಗಿ ನಂಬುತ್ತೇವೆ. ದೂರಕ್ಕೆ ಋಣ ಚಿಹ್ನೆಯಿಲ್ಲ, ಆದ್ದರಿಂದ ಎರಡೂ ವಾಲುವಿಕೆಗಳು ಮೊತ್ತಕ್ಕೆ ಸೇರುತ್ತವೆಯೇ ಹೊರತು ಒಂದನ್ನೊಂದು ಕಳೆಯುವುದಿಲ್ಲ. ಕಾಫಿ ಕುಡಿಯುವಾಗ ನೀವು ಓಡಿದ ದೂರ ಇದೇ.

ಮೊದಲು, ಪ್ರತಿ ಬಿಂದುವಿನ ಜೊತೆ ಬರುವ ನಿಖರತೆಯ ಸಂಖ್ಯೆಯನ್ನು ಬಳಸಿಕೊಳ್ಳಿ. ಆಂಡ್ರಾಯ್ಡ್ ಕೊಡುವ ಆ ತ್ರಿಜ್ಯದೊಳಗೆ ನೀವು ನಿಜವಾಗಿ ಇರುವ ಸಂಭವ ಶೇ. 68 ಮಾತ್ರ, ಎಂದರೆ ಮೂರರಲ್ಲಿ ಒಂದು ಬಾರಿ ನೀವು ವೃತ್ತದ ಹೊರಗಿರಬಹುದು. 20 ಮೀಟರಿಗಿಂತ ದೊಡ್ಡ ತ್ರಿಜ್ಯದ ಬಿಂದುಗಳನ್ನು ನಾನು ದೂರದ ಲೆಕ್ಕಕ್ಕೆ ಸೇರಿಸುವುದಿಲ್ಲ. ಎರಡನೆಯದಾಗಿ, ಹಿಂದಿನ ಸ್ವೀಕೃತ ಬಿಂದುವಿನಿಂದ ಹತ್ತು ಮೀಟರಿನಷ್ಟು ಸರಿಯುವವರೆಗೆ ಏನನ್ನೂ ಕೂಡಬೇಡಿ. ಈ ಮಿತಿಯನ್ನು ಹೆಚ್ಚಿಸಲು ಆಸೆಯಾಗುತ್ತದೆ, ಆದರೆ ತಡೆದುಕೊಳ್ಳಿ. ಪ್ರಮಾಣಿತ ಟ್ರ್ಯಾಕಿನ ತಿರುವಿನ ತ್ರಿಜ್ಯ 36.5 ಮೀಟರ್, ಹತ್ತು ಮೀಟರಿನ ತುಂಡುಗಳಲ್ಲಿ ಅಳೆದರೆ ತಿರುವಿನಲ್ಲಿ ಕಳೆದುಹೋಗುವುದು ಶೇ. 0.3ರಷ್ಟು, ಮೂವತ್ತು ಮೀಟರಿನ ತುಂಡುಗಳಲ್ಲಿ ಅಳೆದರೆ ಹತ್ತಿರ ಹತ್ತಿರ ಶೇ. 3.

ನಿಂತಿದ್ದೀರೋ ಓಡುತ್ತಿದ್ದೀರೋ ಎಂಬುದನ್ನು ನಿರ್ಧರಿಸಲು ಜಿಪಿಎಸ್ ಚಿಪ್ಪು ಪ್ರತ್ಯೇಕವಾಗಿ ಕೊಡುವ ವೇಗವನ್ನೇ ನೋಡಿ. ಅದನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಸ್ಥಾನಗಳ ವ್ಯತ್ಯಾಸದಿಂದಲ್ಲ, ಚಲನೆಯಿಂದಾಗಿ ಉಪಗ್ರಹದ ಸಂಕೇತದ ಆವರ್ತನದಲ್ಲಾಗುವ ಡಾಪ್ಲರ್ ಬದಲಾವಣೆಯಿಂದ. ಹಾಗಾಗಿ ಅದು ಬಿಂದುಗಳಷ್ಟು ಕುಣಿಯುವುದಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ಒಂದು ಪ್ರಶ್ನೆ: ಆ ಹತ್ತು ಸುತ್ತುಗಳನ್ನು ಓಡಿದ್ದು ಯಾವ ಲೇನಿನಲ್ಲಿ?

ಕೆರೆಏರಿ

ನಾಲ್ಕನೆಯದರಲ್ಲಿ. ಒಳಗಿನ ಲೇನುಗಳಲ್ಲಿ ಶಾಲಾಮಕ್ಕಳ ಅಭ್ಯಾಸ ನಡೆದಿತ್ತು.

ಅಳತೆಗೋಲು

ಹಾಗಿದ್ದರೆ ಆ್ಯಪಿನ ತಪ್ಪಿನಲ್ಲಿ ಮುಕ್ಕಾಲು ಪಾಲು ಆ್ಯಪಿನದಲ್ಲ. 400 ಮೀಟರ್ ಎಂಬುದು ಮೊದಲ ಲೇನಿನ ಉದ್ದ; ಪ್ರತಿ ಲೇನಿನ ಅಗಲ 1.22 ಮೀಟರ್ ಇರುವುದರಿಂದ ನಾಲ್ಕನೆಯದರಲ್ಲಿ ಒಂದು ಸುತ್ತು ಸುಮಾರು 422.4 ಮೀಟರ್ ಆಗುತ್ತದೆ. ನೀವು ಓಡಿದ್ದು 4.22 ಕಿ.ಮೀ., ಆ್ಯಪ್ ಹೇಳಿದ್ದು 4.31, ಎಂದರೆ ನಿಜವಾದ ದೋಷ ಸುಮಾರು ಶೇ. 2. ನಿಮ್ಮ ಗೆಳೆಯರ 0.93 ಬಳಸಿದ್ದರೆ ಹೆಚ್ಚು ತೋರಿಸುವ ಆ್ಯಪ್, ಕಡಿಮೆ ತೋರಿಸುವ ಆ್ಯಪ್ ಆಗಿ ಬದಲಾಗುತ್ತಿತ್ತು, ಅಷ್ಟೇ.

ಹಿನ್ನೆಲೆ ಕೆಲಸಗಾರ

ಪರದೆ ಆರಿದಾಗ ದೂರ ಕಡಿಮೆಯಾಗುವ ದೋಷಕ್ಕೂ ಮೇಲಿನ ಚರ್ಚೆಗೂ ಸಂಬಂಧವಿಲ್ಲ. ಆಂಡ್ರಾಯ್ಡ್ 8.0ರಿಂದ ಹಿನ್ನೆಲೆಯಲ್ಲಿರುವ ಆ್ಯಪುಗಳಿಗೆ ಸ್ಥಳದ ಮಾಹಿತಿ ಗಂಟೆಗೆ ಕೆಲವೇ ಬಾರಿ ಸಿಗುತ್ತದೆ. ನೀವು ಸದಾ ಕಾಣುವ ಅಧಿಸೂಚನೆಯುಳ್ಳ ಫೋರ್‌ಗ್ರೌಂಡ್ ಸರ್ವಿಸ್ ನಡೆಸಬೇಕು ಮತ್ತು ಅದರ ಬಗೆ ‘ಲೊಕೇಶನ್’ ಎಂದು ಮ್ಯಾನಿಫೆಸ್ಟಿನಲ್ಲಿ (ಆ್ಯಪಿನ ವಿವರಗಳನ್ನು ಆಂಡ್ರಾಯ್ಡ್‌ಗೆ ತಿಳಿಸುವ ಕಡತ) ಘೋಷಿಸಬೇಕು. ಅಷ್ಟು ಮಾಡಿದರೂ, ಬ್ಯಾಟರಿ ಉಳಿಸುವ ಅತ್ಯುತ್ಸಾಹದಲ್ಲಿ ಕೆಲವು ತಯಾರಕರ ಫೋನುಗಳು ಸರ್ವಿಸನ್ನು ಕೊಂದೇ ಬಿಡುತ್ತವೆ. ಬಳಕೆದಾರರೇ ಸೆಟ್ಟಿಂಗ್ಸ್‌ಗೆ ಹೋಗಿ ವಿನಾಯಿತಿ ಕೊಡಬೇಕಾಗುತ್ತದೆ. ಆದ್ದರಿಂದ ಬಿಂದುಗಳನ್ನು ಮೆಮೊರಿಯಲ್ಲಿ ಕೂಡಿಡದೆ, ಬಂದದ್ದನ್ನು ಬಂದಂತೆ ಡೇಟಾಬೇಸಿಗೆ ಬರೆಯಿರಿ.

ನಡುವೆ ಐದು ನಿಮಿಷ ಕಳೆದುಹೋದರೆ ಎರಡು ತುದಿಗಳನ್ನು ಸರಳರೇಖೆಯಿಂದ ಜೋಡಿಸಿ ಓಟವೆಂದು ತೋರಿಸಬೇಡಿ. ಜಿಪಿಎಸ್ ದಾರಿಗಳನ್ನು ಉಳಿಸಿಡುವ ಜಿಪಿಎಕ್ಸ್ ಕಡತದಲ್ಲಿ ಒಂದೇ ಟ್ರ್ಯಾಕಿನೊಳಗೆ (ದಾಖಲಾದ ದಾರಿ) ಹಲವು ಸೆಗ್ಮೆಂಟುಗಳಿಗೆ (ತುಂಡುಗಳು) ಅವಕಾಶವಿರುವುದು, ಸಂಕೇತ ತಪ್ಪಿ ಮರಳಿ ಸಿಕ್ಕಾಗ ಹೊಸದೊಂದನ್ನು ಆರಂಭಿಸಲೆಂದೇ.

ಘಾಟಿರಸ್ತೆ

ಏರಿಕೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮಗೆ ಕಾಣುವ ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇರುತ್ತವೆ, ಕಾಲ ಕೆಳಗೆ ಒಂದೂ ಇರುವುದಿಲ್ಲ. ಆದ್ದರಿಂದ ಎತ್ತರದ ಅಳತೆ ಸ್ಥಾನದ ಅಳತೆಗಿಂತ ಯಾವಾಗಲೂ ಒರಟು. ಅಂಥ ಎತ್ತರದ ಏರುಗಳನ್ನಷ್ಟೇ ಆರಿಸಿ ಕೂಡಿದರೆ ಚಾಮುಂಡಿ ಬೆಟ್ಟ ಎರಡು ಪಟ್ಟು ಎತ್ತರವಾಗುವುದು ಆಶ್ಚರ್ಯವಲ್ಲ. ಫೋನಿನಲ್ಲಿ ವಾಯುಭಾರಮಾಪಕವಿದ್ದರೆ ಅದನ್ನೇ ಬಳಸಿ: ಮೈಸೂರು, ಬೆಂಗಳೂರುಗಳ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಒತ್ತಡ ಇಳಿದರೆ ಸುಮಾರು ಒಂಬತ್ತು ಮೀಟರ್ ಏರಿದಂತೆ. ಅದಿಲ್ಲದಿದ್ದರೆ, ಏರು ಐದು ಮೀಟರನ್ನಾದರೂ ದಾಟಿದ ಮೇಲಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೊಂದು ದೂರು ನಿಮಗೆ ಖಂಡಿತ ಬರುತ್ತದೆ. ಆಂಡ್ರಾಯ್ಡ್ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಭೂಮಿಯ ಗಣಿತೀಯ ದೀರ್ಘಗೋಲದ ಮೇಲ್ಮೈಯಿಂದ ಅಳೆದದ್ದು. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟವು ಆ ಮೇಲ್ಮೈಗಿಂತ ಸುಮಾರು 80ರಿಂದ 90 ಮೀಟರ್ ಕೆಳಗಿದೆ. ಮಂಗಳೂರಿನ ಕಡಲತೀರದಲ್ಲಿ ಓಡಿದವರಿಗೆ ನಿಮ್ಮ ಆ್ಯಪ್ ಅವರು ನೀರಿನೊಳಗೆ ಆಳದಲ್ಲಿ ಓಡಿದ್ದಾರೆಂದು ತಿಳಿಸುತ್ತದೆ. ಆಂಡ್ರಾಯ್ಡ್ 14ರಿಂದ ಸಮುದ್ರಮಟ್ಟದ ಎತ್ತರಕ್ಕೆ ಪ್ರತ್ಯೇಕ ಸೌಲಭ್ಯವಿದೆ. ಒಟ್ಟು ಏರಿಕೆಗೆ ಇದರಿಂದ ಬಾಧೆಯಿಲ್ಲ, ಏಕೆಂದರೆ ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗುತ್ತದೆ.

ಕೆರೆಏರಿ

ಎಲ್ಲರಿಗೂ ಧನ್ಯವಾದಗಳು. ಅದೃಷ್ಟವಶಾತ್ ಮೂಲ ಬಿಂದುಗಳನ್ನೆಲ್ಲ ಉಳಿಸಿಕೊಂಡಿದ್ದೆವು. ಹೊಸ ಲೆಕ್ಕದಲ್ಲಿ ಅದೇ ಹತ್ತು ಸುತ್ತು 4.24 ಕಿ.ಮೀ. ಬಂದಿತು, ಕಾಫಿಯ ದೂರ ಸೊನ್ನೆಯಾಯಿತು. ಈಗ ಹೊಸ ತೊಡಕು: ಹಳೆಯ ಓಟಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರೆ ಗುಂಪಿನ ಹಲವರ ‘ಅತಿ ವೇಗದ 10 ಕಿ.ಮೀ.’ ದಾಖಲೆಗಳು 10 ಕಿ.ಮೀ. ಮುಟ್ಟುವುದೇ ಇಲ್ಲ.

ಅಳತೆಗೋಲು

ಹಳೆಯ ಸಂಖ್ಯೆಗಳನ್ನು ಸದ್ದಿಲ್ಲದೆ ಬದಲಿಸಬೇಡಿ, ಜಗಳ ಖಚಿತ. ಪ್ರತಿ ಓಟದ ಜೊತೆ ಅದನ್ನು ಯಾವ ಆವೃತ್ತಿಯ ಲೆಕ್ಕದಿಂದ ಅಳೆಯಲಾಯಿತು ಎಂಬುದನ್ನು ದಾಖಲಿಸಿ, ಮರುಲೆಕ್ಕಕ್ಕೆ ಒಂದು ಗುಂಡಿ ಕೊಟ್ಟು ನಿರ್ಧಾರವನ್ನು ಓಟಗಾರರಿಗೇ ಬಿಡಿ. ಅಧಿಕೃತ ಓಟಗಳಲ್ಲಿ ಆ್ಯಪ್ ಸ್ವಲ್ಪ ಹೆಚ್ಚು ತೋರಿಸಿದರೆ ಮಾತ್ರ ಗಾಬರಿ ಬೇಡ. ಅಲ್ಲಿ ಮಾರ್ಗವನ್ನು, ಗೊತ್ತಿರುವ ದೂರದೊಂದಿಗೆ ತಾಳೆ ನೋಡಿ ಹದಗೊಳಿಸಿದ ಸೈಕಲ್ಲಿನಿಂದ, ತಿರುವುಗಳಲ್ಲಿ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ಮಾರ್ಗ ಚಿಕ್ಕದಾಗದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಾಗಿಯೇ ಸೇರಿಸುತ್ತಾರೆ. ಜನಜಂಗುಳಿಯಲ್ಲಿ ಆ ಗೆರೆಯ ಮೇಲೆಯೇ ಓಡಲು ಯಾರಿಗೂ ಆಗುವುದಿಲ್ಲ.

ಕೆರೆಏರಿ

ಗುಂಡಿ ಸೇರಿಸಿದ್ದೇವೆ. ಮೊದಲು ಒತ್ತಿದ್ದು 0.93ರ ಗೆಳೆಯನೇ, ಅವನ ದಾಖಲೆ 9.81 ಕಿ.ಮೀ.ಗೆ ಇಳಿದಿದೆ, ನಾಳೆ ಬೆಳಿಗ್ಗೆ ಮತ್ತೆ ಓಡುತ್ತಾನಂತೆ.