ಊರಿನ ವಾಟ್ಸಾಪ್ ಗ್ರೂಪಿನಿಂದ ಚಿಕ್ಕಪ್ಪನನ್ನೇ ತೆಗೆದೆ, ತಪ್ಪಾಯ್ತಾ?

ಸಿದ್ದಾಪುರದವ:
ನಮ್ಮ ಗ್ರೂಪ್ ಶುರುವಾಗಿದ್ದೇ ಆನೆಗೋಸ್ಕರ. ಯಾವ ತೋಟದಲ್ಲಿ ಆನೆ ನಿಂತಿದೆ ಅಂತ ಬೆಳಿಗ್ಗೆ ಆರಕ್ಕೇ ಮೆಸೇಜ್ ಬಂದರೆ ಕೆಲಸದವರು ಆ ದಾರಿ ಬಿಟ್ಟು ಬರುತ್ತಾರೆ. ಆಮೇಲೆ ಮಳೆ ಎಷ್ಟು ಇಂಚು, ಕಾಫಿ ರೇಟು ಎಲ್ಲ ಸೇರಿಕೊಂಡಿತು. ಈಗ 340 ಜನ ಇದ್ದೇವೆ, ಅಡ್ಮಿನ್ ನಾನೊಬ್ಬನೇ. ಹೋದ ವಾರ ಜೋರು ಮಳೆ ಬರುವಾಗ ಚಿಕ್ಕಪ್ಪ 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಾದ ಗುಡ್ಡ ಕುಸಿತದ ಹಳೇ ವಿಡಿಯೋ ಹಾಕಿ 'ಈಗಷ್ಟೇ ಆಗಿದೆ' ಎಂದು ಬರೆದರು. ಜನ ಹೆದರಿಬಿಟ್ಟರು. ನಾನು ವಿಡಿಯೋ ಅಳಿಸಿ, ಅವರನ್ನೂ ತೆಗೆದೆ. ಈಗ ಅರ್ಧ ಜನ ಸರಿ ಅನ್ನುತ್ತಾರೆ, ಅರ್ಧ ಜನ 'ಇವನೇನು ಊರಿನ ಯಜಮಾನನಾ' ಅನ್ನುತ್ತಾರೆ. ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ. ಯಾರಾದರೂ ಏನಾದರೂ ಹಾಕಿದರೆ ಕೇಸ್ ನನ್ನ ಮೇಲೆ ಬರುತ್ತಾ?

ವಿರಾಜಪೇಟೆ ಲಾಯರ್:
2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್, ಎರಡೂ ಹೇಳಿದ್ದು ಒಂದೇ. ಬೇರೆಯವರು ಹಾಕಿದ್ದಕ್ಕೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ, ನಿಮ್ಮ ಮೇಲೆ ಹೊಣೆ ಹೊರಿಸಲು ಆಗುವುದಿಲ್ಲ. ನೀವೇ ಸೇರಿಕೊಂಡು ಹಾಕಿಸಿದ್ದರೆ ಮಾತು ಬೇರೆ.

ಪೊನ್ನಂಪೇಟೆಯಿಂದ:
ವಿಡಿಯೋ ಅಳಿಸಿದ್ದು ಸರಿ ಅಣ್ಣ. ಆ ಆಗಸ್ಟ್ ನೋಡಿದವರಿಗೆ ಅದನ್ನು ಸುಮ್ನೆ ನೋಡಿ ಬಿಡಲು ಆಗುವುದಿಲ್ಲ. ಆದರೆ ಒಂದು ಮಾತೂ ಹೇಳದೆ ತೆಗೆದಿದ್ದು ತಪ್ಪು. ನಾವೂ ಹಾಗೇ ಮಾಡಿದ್ದೆವು, ಮೂವತ್ತು ಜನ ಎದ್ದು ಬೇರೆ ಗ್ರೂಪ್ ಮಾಡಿಕೊಂಡರು, ಆನೆ ಸುದ್ದಿ ಇಲ್ಲಿ ಬಂದರೆ ಅಲ್ಲಿ ಗೊತ್ತಾಗದ ಹಾಗಾಯಿತು. ಆಮೇಲೆ ಎಲ್ಲರೂ ಕೂತು ಮಾತಾಡಿದೆವು. ಯಾರಾದರೂ ತಪ್ಪು ಸುದ್ದಿ ಹಾಕಿದರೆ ಮೊದಲ ಸಲ ಅವರಿಗೊಬ್ಬರಿಗೇ ಹೇಳುವುದು, ಎರಡನೇ ಸಲ ಗ್ರೂಪಿನಲ್ಲೇ ಹೇಳುವುದು, ಮೂರನೇ ಸಲ ಒಂದು ವಾರ ಹೊರಗೆ, ಆಮೇಲೆ ಮತ್ತೆ ಸೇರಿಸುವುದು. ಅಡ್ಮಿನ್ ಮೂರು ಜನ. ಅದರಲ್ಲಿ ಒಬ್ಬರು ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಯಲ್ಲಿರುವ ಕೆಲಸದವರು, ಆನೆ ಎದುರಾಗುವುದು ಜಾಸ್ತಿ ಅವರಿಗೇ ಅಲ್ವಾ. ತಮ್ಮ ಮನೆಯವರ ವಿಷಯ ಬಂದರೆ ಆ ಅಡ್ಮಿನ್ ಸುಮ್ಮನಿರಬೇಕು, ಉಳಿದಿಬ್ಬರು ತೀರ್ಮಾನ ಮಾಡುತ್ತಾರೆ.

ಮಡಿಕೇರಿ ಟೀಚರ್:
ಮೇಲಿನವರು ಹೇಳಿದ್ದು ತುಂಬಾ ಸರಿ. ಊರವರೇ ಸೇರಿ ಕಾಡು, ನೀರು ಹೇಗೆ ಕಾಯುತ್ತಾರೆ ಅಂತ ಅಧ್ಯಯನ ಮಾಡಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕಂಡುಕೊಂಡಿದ್ದೂ ಇದನ್ನೇ. ನಿಯಮವನ್ನು ಅದಕ್ಕೆ ಒಳಪಡುವವರೇ ಮಾಡಬೇಕು, ಶಿಕ್ಷೆ ಸಣ್ಣದರಿಂದ ಶುರುವಾಗಬೇಕು. ನಮ್ಮ ದೇವರಕಾಡುಗಳು ಉಳಿದಿದ್ದೂ ಊರು ಕಾದಿದ್ದಕ್ಕೆ. ಇನ್ನೊಂದು ವಿಷಯ, ಎರಡು ಬಾಣದ ಗುರುತಿರುವ ಫಾರ್ವರ್ಡ್ ಅಂದರೆ ಅದು ಕೈಯಿಂದ ಕೈಗೆ ತುಂಬಾ ದೂರ ಬಂದಿದೆ ಎಂದರ್ಥ. ಅದನ್ನು ಆನೆ ಗ್ರೂಪಿಗೆ ಹಾಕುವಂತಿಲ್ಲ ಎಂದು ಮೊದಲೇ ಬರೆದಿಡಿ.

ಸಿದ್ದಾಪುರದವ:
ಸಂಜೆ ಚಿಕ್ಕಪ್ಪನ ಮನೆಗೆ ಹೋಗಿ ಕೂತು ಮಾತಾಡಿದೆ, ಮತ್ತೆ ಸೇರಿಸಿದ್ದೇನೆ. ಭಾನುವಾರ ಎಲ್ಲರನ್ನೂ ಕರೆದಿದ್ದೇನೆ. ಇನ್ನಿಬ್ಬರು ಅಡ್ಮಿನ್ ಯಾರು ಅಂತ ಅಲ್ಲೇ ತೀರ್ಮಾನವಾಗಲಿ.